ಹನ್ನೊಂದು ಸೆಕೆಂಡಿನ ತೀರ್ಪು

ಒತ್ತಿದರೆ ಓಡಿ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರಕ್ಕೆ ನಮ್ಮೂರಿನಲ್ಲಿ ಏನೋ ಅನ್ನುತ್ತಿದ್ದರು; ಅರ್ಧ ನೆನಪಿದೆ, ಪೂರ್ತಿ ಬಾಯಿಗೆ ಬರುತ್ತಿಲ್ಲ. ಇರಲಿ ಇಂಚರಾ, ನಾನು ಹೇಳುತ್ತಾ ಹೋಗುತ್ತೇನೆ, ನೀನು ಸ್ಟಾಪ್‌ವಾಚ್ ಅಂತಲೇ ಬರೆದುಕೋ.

ಮೈಸೂರಿನ ಚಂಗಪ್ಪನವರ ಬಳಿ, ದೂರದ ಪ್ರಯಾಣಕ್ಕೆಂದೇ ಇಂಗ್ಲೆಂಡಿನಲ್ಲಿ ಮಾಡಿದ ಹಳೆಯ ದೊಡ್ಡ ಕಾರಿತ್ತು. ಅದನ್ನು ಪರೀಕ್ಷಿಸಿ ಪತ್ರಿಕೆಗೆ ಬರೆಯಲು ಒಬ್ಬರು ಬಂದರು. ಅವರ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಕಾರು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸ್ಟಾಪ್‌ವಾಚ್ ನಿಂತಿತು.

“ಹನ್ನೊಂದು ಸೆಕೆಂಡು. ನೀನು ನಿಧಾನ,” ಎಂದು ಅದು ಕಾರಿಗೆ ಹೇಳಿತು.

“ಸ್ವಾಮಿ, ನನ್ನ ಎಂಜಿನ್ ಇನ್ನೂ ಬಿಸಿಯಾಗಿಲ್ಲ. ಊಟಿಯವರೆಗೆ ಬನ್ನಿ. ಇಳಿಯುವಾಗ ಬೆನ್ನು ನೋವಿದ್ದರೆ ಧಾರಾಳವಾಗಿ ಬೈಯಿರಿ. ಸುಮ್ಮನೆ ಬೈದರೆ ನನ್ನನ್ನು ಶೆಡ್ಡಿಗೆ ತಳ್ಳುತ್ತಾರೆ.”

“ಅಷ್ಟು ದೂರ ಯಾರು ಬರುತ್ತಾರೆ? ನನ್ನ ಕೆಲಸ ಮುಗಿಯಿತು.”

“ಹೋಗಲಿ ಬಿಡಿ. ನಮ್ಮ ಯಜಮಾನರು ಮೂವತ್ತು ವರ್ಷ ನನ್ನಲ್ಲಿ ಕೂತಿದ್ದಾರೆ. ಅವರಿಗೆ ಗೊತ್ತು,” ಎಂದಿತು ಕಾರು.

ಕಾರು ನಿಧಾನವೆಂದು ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಚಂಗಪ್ಪನವರು ಮೊದಲು ನಕ್ಕರು. ಮುಂದಿನ ವಾರ ತಾವೂ ಒಂದು ಸ್ಟಾಪ್‌ವಾಚ್ ಕೊಂಡು ಊಟಿಗೆ ಹೊರಟರು. ದಾರಿಯುದ್ದಕ್ಕೂ ಕಣ್ಣು ಅದರ ಮೇಲೆಯೇ. ಬಂಡೀಪುರದ ಕಾಡು ಯಾವಾಗ ಮುಗಿಯಿತೆಂದು ಅವರಿಗೆ ತಿಳಿಯಲಿಲ್ಲ.

“ಯಜಮಾನರೇ, ಬೆನ್ನು ನೋಯುತ್ತಿದೆಯೇ?” ಎಂದು ಕಾರು ಕೇಳಿತು.

“ಇಲ್ಲ. ಆದರೆ ನೀನು ನಿಧಾನ,” ಎಂದರು ಅವರು.

ಆಮೇಲೆ ಅವರು ಅದನ್ನು ಶೆಡ್ಡಿನಿಂದ ಹೊರಗೆ ತೆಗೆಯಲಿಲ್ಲ. ಸೀಟಿನೊಳಗೆ ಇಲಿ ಮರಿ ಹಾಕಿತು.

ಬರೆದುಕೊಳ್ಳೇ ಇಂಚರಾ. ಕಾರು ಕೆಟ್ಟಿರಲಿಲ್ಲ ಅನ್ನುವುದನ್ನೂ ಬರೆ.