ಬಿರಡೆ ಹಾಕದವಳು

"ಗುರುಗಳೇ, ನಾನು ಪೀಠಕ್ಕೆ ತಯಾರಾಗಿದ್ದೇನೆ ಎಂದು ಊರೆಲ್ಲ ಹೇಳುತ್ತಿದೆ. ನೀವೊಬ್ಬರೇ ಯಾಕೆ ಇಲ್ಲ ಎನ್ನುತ್ತೀರಿ?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಅಕ್ಕಿ ಬೇಳೆ ಕೊಡುವ ಭಕ್ತರು ಸೇರಿ ಹುಣ್ಣಿಮೆಗೆ ಅವನ ಪಟ್ಟದ ಮುಹೂರ್ತ ಇಟ್ಟುಬಿಟ್ಟಿದ್ದರು. ಗುರು ಒಪ್ಪದಿದ್ದರೆ ಮಠ ಬಿಟ್ಟು ಹೋಗಲಿ ಎಂದೂ ಹೇಳಿ ಕಳಿಸಿದ್ದರು.

"ಮೊದಲು ನಾನು ಮುಂಗೋಪಿಯಾಗಿದ್ದೆ. ಈಗ ನನಗೆ ಕೋಪವೇ ಬರುವುದಿಲ್ಲ. ಇನ್ನೇನು ಬೇಕು?" ಎಂದ ಶಿಷ್ಯ.

"ಒಂದು ಕತೆ ಹೇಳುತ್ತೇನೆ. ಬಿಯರಿನ ಕತೆ. ಮೂಗು ಮುಚ್ಚಿಕೊಳ್ಳುವುದಿದ್ದರೆ ಈಗಲೇ ಮುಚ್ಚಿಕೊ, ನಡುವೆ ಬೇಡ" ಎಂದು ಗುರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಮೊಳಕೆ ಬರಿಸಿದ ರಾಗಿಯನ್ನು ಒಣಗಿಸಿ, ಬೀಸಿ, ಕಾಯಿಸಿ, ದೊಡ್ಡ ಮಡಕೆಯಲ್ಲಿ ಹುದುಗು ಹಾಕಿ, ಮನೆಯಲ್ಲೇ ಬಿಯರ್ ಮಾಡುತ್ತಿದ್ದಳು. ಹುದುಗು ಬಂದಾಗ ಅದು ಗುಳುಗುಳು ಎನ್ನುತ್ತ ನೊರೆ ಉಕ್ಕಿಸುತ್ತದೆ. ಉಕ್ಕುವುದು ನಿಂತ ಮೇಲೆ ಸೀಸೆಗೆ ತುಂಬಿ ಬಿರಡೆ ಬಿಗಿಯಬೇಕು. ಇಷ್ಟು ಎಲ್ಲರಿಗೂ ಗೊತ್ತು. ಇಷ್ಟೇ ಗೊತ್ತಿರುವುದರಿಂದಲೇ ತೊಂದರೆ.

ಅವಳು ಇದ್ದ ಮನೆ ಒಬ್ಬ ಸಾಹುಕಾರನದು. ಅವನ ಮಗನ ಮದುವೆ ಹತ್ತಿರವಾಗಿತ್ತು. ನೆಂಟರಿಗೆಂದು ಬಿಯರ್ ಮಾಡಿಸಿದ್ದ. ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ಬಂದು ಮಡಕೆಯ ಮುಚ್ಚಳ ತೆಗೆದು ನೋಡಿದ.

"ಸದ್ದಿಲ್ಲ, ನೊರೆಯಿಲ್ಲ. ಇನ್ನೇನು ನೋಡ್ತೀಯ? ಇವತ್ತೇ ತುಂಬು" ಎಂದ.

ಹೆಂಗಸು ಸೌಟಿನಲ್ಲಿ ಒಂದಿಷ್ಟು ಎತ್ತಿ ರುಚಿ ನೋಡಿದಳು. "ಇನ್ನೂ ಸಿಹಿ ಐತೆ, ಧಣಿ. ಸಿಹಿ ಇರೋಗಂಟ ಇದರ ಕೆಲಸ ಮುಗ್ದಿಲ್ಲ. ಚಳಿಗೆ ಸುಮ್ಕಾಗೈತೆ, ಅಷ್ಟೆ. ಬಿರಡೆ ಬಿಗಿದು ನಿಮ್ಮ ಅಡಿಗೆ ಒಲೆ ಪಕ್ಕ ಇಟ್ರೆ ಮತ್ತೆ ಉಕ್ತದೆ. ಸೀಸೆ ಸಿಡಿದು ಯಾರ ಕಣ್ಣು ಹೋಗ್ತದೋ ಹೇಳಕ್ಕಾಗಲ್ಲ."

"ಸಿಹಿಯಿದ್ದರೆ ನೆಂಟರಿಗೆ ಇನ್ನೂ ಚೆನ್ನ. ತುಂಬು, ಇಲ್ಲಾಂದ್ರೆ ಮನೆ ಖಾಲಿ ಮಾಡು."

"ಖಾಲಿ ಮಾಡ್ತೀನಿ."

ಸಾಹುಕಾರ ಹೆದರಿಸುವುದಕ್ಕೆ ಹೇಳಿದ್ದ. ಅವಳು ಆಗಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನೆರೆಯವರು ಬಂದು ಬುದ್ಧಿ ಹೇಳಿದರು. ಅವನು ಹೇಳಿದಂತೆ ತುಂಬಿಕೊಟ್ಟು ಕೈ ತೊಳೆದುಕೊ, ಸಿಡಿದರೆ ಅವನ ಹಣೆಬರಹ ಎಂದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗೆಂದು ಅವಳೇನು ಕಲ್ಲಲ್ಲ. ಮಕ್ಕಳನ್ನು ಹೆತ್ತದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಆ ಮನೆಯಲ್ಲೇ. ಹೊಸಿಲು ದಾಟುವಾಗ ಅತ್ತಳು. ಅಳುತ್ತಲೇ ಮಡಕೆ ಹೊತ್ತಳು. ಪಾತ್ರೆ ಪಡಗಗಳನ್ನು ಅಲ್ಲೇ ಬಿಟ್ಟಳು. ಮಡಕೆಯನ್ನು ಬಿಟ್ಟು ಹೋದರೆ ಸಾಹುಕಾರನ ಆಳುಗಳು ಸೀಸೆಗೆ ತುಂಬುತ್ತಾರೆಂದು ಅವಳಿಗೆ ಗೊತ್ತಿತ್ತು.

ಪಕ್ಕದೂರಿನಲ್ಲಿ ಮಂಡಕ್ಕಿ ಭಟ್ಟಿಯವನೊಬ್ಬ ಮೂಲೆಯಲ್ಲಿ ಜಾಗ ಕೊಟ್ಟ. ಭಟ್ಟಿಯ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಅದಕ್ಕೆ ಒತ್ತಿ ಮಡಕೆ ಇಟ್ಟಳು. ಬೆಳಗಾಗುವಷ್ಟರಲ್ಲಿ ಮಡಕೆ ಮತ್ತೆ ಗುಳುಗುಳು ಎನ್ನುತ್ತಿತ್ತು. ನೊರೆ ಮುಚ್ಚಳವನ್ನೇ ಎತ್ತಿತ್ತು. ಇದನ್ನು ನೋಡಲು ಸಾಹುಕಾರ ಅಲ್ಲಿರಲಿಲ್ಲ, ಅವಳೂ ಹೇಳಿ ಕಳಿಸಲಿಲ್ಲ. ಅವನ ಬಾಯಲ್ಲಿ ಅವಳು ಕೊನೆಯವರೆಗೂ ಹಟಮಾರಿ ಹೆಂಗಸೇ ಆಗಿದ್ದಳು. ಮದುವೆಗೆ ಬಂದ ನೆಂಟರ ಕಣ್ಣು ಉಳಿದದ್ದು ಅವಳಿಂದ ಎಂದು ಯಾರಿಗೂ ತಿಳಿಯಲಿಲ್ಲ.

ಸಿಹಿ ಪೂರಾ ಹೋದ ದಿನವೂ ಅವಳು ತುಂಬಲಿಲ್ಲ. ಮರುದಿನ ಮತ್ತೆ ರುಚಿ ನೋಡಿದಳು. ನಿನ್ನೆಯ ರುಚಿಯೇ ಇತ್ತು. ಆಮೇಲೆ ಬಿರಡೆ ಬಿಗಿದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಸಣ್ಣದಾಗಿತ್ತು. "ನನ್ನಲ್ಲಿ ಯಾವ ಸಿಹಿ ಉಳಿದಿದೆ?" ಎಂದು ಕೇಳಿದ.

"ನಿನ್ನೆ ಭಕ್ತರು ನಿನ್ನನ್ನು ಶಾಂತಮೂರ್ತಿ ಎಂದು ಹೊಗಳುತ್ತಿದ್ದಾಗ ನೀನು ತಲೆ ತಗ್ಗಿಸಿ ಕೇಳುತ್ತ ಕೂತಿದ್ದೆ. ಎದ್ದು ಹೋಗಲಿಲ್ಲ. ಕೋಪ ಬರುವುದಿಲ್ಲ ಎನ್ನುತ್ತೀಯಲ್ಲ, ನಿನ್ನನ್ನು ಬೈಯುವವರು ಈ ಊರಿನಲ್ಲಿ ಯಾರಿದ್ದಾರೆ?"

ಶಿಷ್ಯ, "ಹಾಗಾದರೆ ಭಕ್ತರು ನಿಮ್ಮನ್ನು ಹೊರಗೆ ಹಾಕುತ್ತಾರಲ್ಲ, ಗುರುಗಳೇ?" ಎಂದ.

ಗುರು ಗೂಟದಲ್ಲಿದ್ದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡು ಹೇಳಿದರು: "ಮಠವನ್ನು ಅವರಿಗೇ ಬಿಡುತ್ತೇನೆ, ನಿನ್ನನ್ನು ಬಿಡುವುದಿಲ್ಲ, ಏಳು."