ಹುಡುಗಿ ಒಪ್ಪದ ಉತ್ತರ

“ಗುರುಗಳೇ, ಗ್ರಂಥವೂ ಸುಳ್ಳು ಹೇಳುವುದುಂಟೇ?” ಎಂದು ಶಿಷ್ಯ ಕೇಳಿದ. “ಸುಮ್ಮನೆ ಕುಳಿತರೆ ಮನಸ್ಸು ತಿಳಿಯಾಗುತ್ತದೆ ಎಂದು ಓದಿದ್ದೆ. ಓದಿದಂತೆಯೇ ಕುಳಿತೆ. ಮರೆತಿದ್ದ ಸಿಟ್ಟು, ಹಳೆಯ ಜಗಳ ಎಲ್ಲ ಎದ್ದು ಬಂದವು. ಕೂರುವ ಮೊದಲೇ ಚೆನ್ನಾಗಿದ್ದೆ. ಇನ್ನು ಆ ಗ್ರಂಥವನ್ನು ಮುಟ್ಟುವುದಿಲ್ಲ, ಈ ಮಠದಲ್ಲೂ ಇರುವುದಿಲ್ಲ.”

“ಹೋಗುವುದಾದರೆ ಹೋಗಪ್ಪ, ಯಾರೂ ನಿನ್ನನ್ನು ಕಟ್ಟಿಹಾಕಿಲ್ಲ. ಒಂದು ಕತೆ ಕೇಳಿಕೊಂಡು ಹೋಗು,” ಎಂದು ಗುರು ಹೇಳತೊಡಗಿದರು.

ಒಬ್ಬ ಹುಡುಗಿ ಸಣ್ಣ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳು. ಅವಳ ತಂದೆ ಸ್ಕೂಟರ್ ರಿಪೇರಿ ಮಾಡುವವನು. ಗ್ಯಾರೇಜಿನಲ್ಲೇ ಬೆಳೆದ ಅವಳು ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಿದ್ದಳು. ಕೈಯೂ ಹದವಾಗಿತ್ತು. ಅವಳು ವಿಮಾನ ಇಳಿಸಿದರೆ, ಚಕ್ರ ನೆಲ ಮುಟ್ಟಿದ್ದು ಪಕ್ಕದಲ್ಲಿ ಕುಳಿತ ಶಿಕ್ಷಕರಿಗೂ ತಿಳಿಯುತ್ತಿರಲಿಲ್ಲ. ಆದರೆ ಲಿಖಿತ ಪರೀಕ್ಷೆ ಪಾಸಾಗದೆ ಒಬ್ಬರೇ ದೂರ ಹಾರುವಂತಿರಲಿಲ್ಲ. ಗಾಳಿ, ಮೋಡ, ನಕ್ಷೆ, ನಿಯಮ, ಎಂಜಿನ್ ಎಂದು ದಪ್ಪ ದಪ್ಪ ಪುಸ್ತಕಗಳು. ಬೆಳಿಗ್ಗೆ ಹಾರಾಟ, ಮಧ್ಯಾಹ್ನ ಓದು. ಹಾರಾಟಕ್ಕೆ ಓಡಿ ಬರುತ್ತಿದ್ದವಳು ಓದಿಗೆ ಕಾಲೆಳೆದುಕೊಂಡು ಬರುತ್ತಿದ್ದಳು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇತ್ತು. ಸೆಖೆಯ ದಿನವೂ ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಮಂಜುಗಡ್ಡೆ ಕಟ್ಟಬಹುದು. ಆಗ ಬಿಸಿ ಗಾಳಿ ಬಿಡುವ ಗುಂಡಿಯನ್ನು ಎಳೆದರೆ ಮೊದಲು ಏನಾಗುತ್ತದೆ? ಎಂಜಿನ್ ಕೂಡಲೇ ಸರಿಹೋಗುತ್ತದೆ ಎಂಬ ಉತ್ತರಕ್ಕೆ ಅವಳು ಗುರುತು ಹಾಕಿದಳು. ಅದು ತಪ್ಪು. ಆ ಒಂದೇ ಅಂಕ ಕಡಿಮೆಯಾಗಿ ಫೇಲಾದಳು. ಅವಳಿಗಿಂತ ಒರಟಾಗಿ ವಿಮಾನ ಇಳಿಸುವವರೆಲ್ಲ ಒಬ್ಬೊಬ್ಬರೇ ಹಾರಿ ಹೋಗುವುದನ್ನು, ಮರುಪರೀಕ್ಷೆ ಬರುವವರೆಗೆ ಮೂರು ತಿಂಗಳು, ಕೆಳಗೆ ನಿಂತು ನೋಡಿದಳು.

ಅವಳು ಪುಸ್ತಕ ಹಿಡಿದು ಶಿಕ್ಷಕರ ಬಳಿ ಹೋದಳು. “ಗುಂಡಿ ಎಳೆದ್ರೆ ಮೊದ್ಲು ಇನ್ನೂ ಕೆಡುತ್ತೆ ಅಂತ ಇದ್ರಲ್ಲಿದೆ ಸರ್. ಔಷಧಿ ಕೊಟ್ಮೇಲೆ ಕಾಯಿಲೆ ಜಾಸ್ತಿ ಆಗುತ್ತಾ? ನಾನು ಚಿಕ್ಕವಳಿದ್ದಾಗಿಂದ ಎಂಜಿನ್ ನೋಡಿದೀನಿ. ಇದನ್ನ ಮಾತ್ರ ಒಪ್ಪಲ್ಲ.”

“ಮಂಜು ಕರಗಿದ ನೀರು ಎಂಜಿನ್ ಒಳಗೇ ಹೋಗ್ಬೇಕಲ್ಲಮ್ಮ, ಅದಕ್ಕೆ ಕೆಮ್ಮುತ್ತೆ,” ಎಂದರು ಶಿಕ್ಷಕರು. “ನಾವು ಬೇಕು ಅಂದಾಗ ಮಂಜು ಕಟ್ಟಲ್ಲ, ನಿಂಗೆ ತೋರ್ಸಕ್ಕಾಗಲ್ಲ. ಒಪ್ಪದಿದ್ರೆ ಬಿಡು. ಬಾಯಿಪಾಠ ಮಾಡ್ಕೋ.”

ಅವಳು ಮುಖ ಊದಿಸಿಕೊಂಡೇ ಬಾಯಿಪಾಠ ಮಾಡಿದಳು. ‘ಎಳೆದ ಮೇಲೆ ಎಂಜಿನ್ ಇನ್ನೂ ಒರಟಾಗುತ್ತದೆ. ಗುಂಡಿಯನ್ನು ಒಳಕ್ಕೆ ತಳ್ಳಬಾರದು.’ ಮರುಪರೀಕ್ಷೆಯಲ್ಲಿ ಪಾಸಾದಳು. ನಂಬಿದಳು ಎಂದಲ್ಲ, ಬರೆದಳು ಅಷ್ಟೆ.

ಮೋಡ ಮುಚ್ಚಿ ಬೆವರಿಳಿಯುತ್ತಿದ್ದ ಒಂದು ಬೆಳಿಗ್ಗೆ ಅವಳು ಒಬ್ಬಳೇ ಹಾರಿದಳು. ಗುಡ್ಡಗಳ ಮೇಲೆ ಬಂದಾಗ ಎಂಜಿನ್ನಿನ ಬಲ ಕುಂದಿತು. ವಿಮಾನ ಕೆಳಗಿಳಿಯತೊಡಗಿತು. ಕೆಳಗೆ ಬರೀ ಬಂಡೆ, ಇಳಿಸಲು ಒಂದು ಬಯಲೂ ಇಲ್ಲ. ಅವಳು ಗುಂಡಿ ಎಳೆದಳು. ಎಂಜಿನ್ ಕೆಮ್ಮಿತು, ಇಡೀ ವಿಮಾನ ನಡುಗಿತು. ಎಂಜಿನ್ ನಿಂತೇ ಹೋಗುತ್ತದೆ, ಗುಂಡಿ ಒಳಕ್ಕೆ ತಳ್ಳು ಎಂದು ಗ್ಯಾರೇಜಿನಲ್ಲಿ ಪಳಗಿದ ಕಿವಿ ಹೇಳಿತು. ಬಲಗೈ ತಾನಾಗಿಯೇ ಗುಂಡಿಯತ್ತ ಹೋಯಿತು.

ಆಗ ಅವಳು ಏನು ಮಾಡಿದಳು ಗೊತ್ತೇ? ಆ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತಳು. ಎಡಗೈಯಲ್ಲಿ ವಿಮಾನ ಹಿಡಿದುಕೊಂಡು, ತಾನು ಒಪ್ಪದ ಆ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿದಳು. ಬಂಡೆಗಳು ಹತ್ತಿರ ಬಂದವು. ಮತ್ತೆ ಹೇಳಿದಳು. ಎಂಜಿನ್ ಇನ್ನೂ ಎರಡು ಸಲ ಕೆಮ್ಮಿ ನೀರನ್ನು ಹೊರಹಾಕಿತು. ಆಮೇಲೆ ಸದ್ದು ಸರಿಯಾಯಿತು, ವಿಮಾನ ಮೇಲೇರಿತು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. “ಕೈ ಪಳಗಿದವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಪಳಗಿದ ಕೈಯ ಮೇಲೆ ಕುಳಿತವಳ ಸುದ್ದಿ ಕೇಳಿದ್ದು ಇದೊಂದೇ. ಆ ಹುಡುಗಿ ಎದುರಿಗೆ ಬಂದರೆ ನಾನು ಎದ್ದು ನಿಲ್ಲುತ್ತೇನೆ,” ಎಂದರು.

“ಅವಳು ಹಾಗೆ ಎಷ್ಟು ಹೊತ್ತು ಕುಳಿತಿದ್ದಳು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಎಂಜಿನ್ ಸರಿಹೋಗುವವರೆಗೆ. ಆ ಹಳೆಯ ಸಿಟ್ಟು ಬಂದ ಎಷ್ಟು ಹೊತ್ತಿಗೆ ನೀನು ಎದ್ದೆ?”