ಬಡಿದು ಕೇಳಿ ತಂದ ಜಾಡಿ

ಹೂಂಗುಟ್ಟುವವರು ಹತ್ತಿರ ಬನ್ನಿ, ನಗುವವರು ಬಾಯಿಗೆ ಸೆರಗು ಹಿಡಿಯಿರಿ. ಇದು ಹಾಲಗುಂದಿಯ ಚೆನ್ನಿಗನ ಕತೆ.

ಚೆನ್ನಿಗನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. "ನಿನ್ನ ಹೆತ್ತು ನಾನು ಬೆಂಡಾದೆ ಕಣೋ!" ಎಂದು ತಾಯಿ ಗಿರಿಯಮ್ಮ ದಿನಕ್ಕೊಮ್ಮೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ತಾನೂ ಚಚ್ಚಿಕೊಳ್ಳುತ್ತಿದ್ದ. ಅಮ್ಮ ಮಾಡುತ್ತಾಳೆ ಎಂದ ಮೇಲೆ ಅದು ಮಾಡಬೇಕಾದದ್ದೇ ಇರಬೇಕು!

ಆ ವರ್ಷ ಗಿರಿಯಮ್ಮನ ಮಗಳು ದೇವೀರಿ ಮತ್ತೆ ಬಸುರಿ. ದೇವೀರಿಯ ಗಂಡನ ಮನೆಯಲ್ಲಿ ಒಂದು ಪದ್ಧತಿ. ಸೀಮಂತದ ದಿನ ತವರಿನವರು ನಲವತ್ತು ದಿನ ಮಾಗಿದ ಮಾವಿನ ಉಪ್ಪಿನಕಾಯಿಯನ್ನು ಜಾಡಿ ಸಮೇತ ತರಬೇಕು, ಬಸುರಿಯ ಮುಂದೆಯೇ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಬೇಕು. ಹಿಂದಿನ ಸಲ ಗಿರಿಯಮ್ಮ ಒಯ್ದ ಜಾಡಿಯಲ್ಲಿ ಕಣ್ಣಿಗೆ ಕಾಣದ ಸೀಳೊಂದಿತ್ತು. ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬಿಳಿ ಬೂಷ್ಟು! ಯಾರೂ ಏನೂ ಅನ್ನಲಿಲ್ಲ. ಹದಿನೈದು ದಿನಕ್ಕೆ ಕೂಸು ಹೊಟ್ಟೆಯಲ್ಲೇ ಹೋಯಿತು. ಆಗಲೂ ಯಾರೂ ಏನೂ ಅನ್ನಲಿಲ್ಲ. ಗಿರಿಯಮ್ಮ ಆ ಜಾಡಿಯನ್ನು ಹಿತ್ತಿಲಲ್ಲಿ ಹೂತಳು.

ಈ ಸಲ ಜಾಡಿ ಸರಿಯಾಗಿರಬೇಕು. ಆದರೆ ಕಾಯಿ ಹೆಚ್ಚಿ, ಉಪ್ಪು ಅರಿಶಿನ ಬೆರೆಸಿ ಬಾನಿಗೆ ಹಾಕಿದ ದಿನವೇ ಅವಳ ಕಾಲು ಉಳುಕಿತು. ಹೋಳು ನಾಲ್ಕು ದಿನ ತಡೆದೀತು, ಐದನೆಯ ದಿನ ಮೆತ್ತಗಾದೀತು. ಹರದಾರಿ ದೂರದ ಪೇಟೆಗೆ ಇನ್ನು ಯಾರು ಹೋಗಬೇಕು? ಚೆನ್ನಿಗ!

"ನೋಡಪ್ಪಾ, ಬೆರಳ ಗೆಣ್ಣಿಂದ ಮೆಲ್ಲಗೆ ಬಡಿ, ಕಿವಿಯಿಟ್ಟು ಕೇಳು. ಸೀಳು ಬಿಟ್ಟಿದ್ದು ಬೊದ್ ಅನ್ನುತ್ತೆ. ಗಟ್ಟಿಯಾಗಿರೋದು ಟಣ್ ಅನ್ನುತ್ತೆ. ಎಲ್ಲಕ್ಕಿಂತ ಚೆನ್ನಾಗಿ ಟಣ್ ಅನ್ನೋದನ್ನ ತಾ!"

ಚೆನ್ನಿಗ ಹೂಂ ಅಂದ. ಹೋದ. ಬುಡೇನ್ ಸಾಹೇಬರ ಅಂಗಡಿಯ ಜಾಡಿಗಳನ್ನೆಲ್ಲ ಬಡಿದ, ಕೇಳಿದ. ಪಕ್ಕದ ಅಂಗಡಿಯಲ್ಲೂ ಬಡಿದ, ಕೇಳಿದ. ಸಂಜೆಗೆ ಮನೆಗೆ ಬಂದ, ತಲೆಯ ಮೇಲೆ ಫಳಫಳ ಹೊಳೆಯುವ ಹಿತ್ತಾಳೆ ಕೊಡ!

"ಅಮ್ಮಾ, ಕೇಳಿಲ್ಲಿ!" ಟಣ್ಣ್ಣ್! "ನಿಲ್ಲೋದೇ ಇಲ್ಲಮ್ಮಾ! ನಾನು ಬಡಿದದ್ದು ಒಂದೇ ಸಲ, ಅದು ಇನ್ನೂ ಹಾಡ್ತಾನೇ ಇದೆ!" ಅವನ ಕಣ್ಣು ಬಟ್ಟಲಾಗಿತ್ತು.

"ಅಯ್ಯೋ ಮಂಕೇ! ಹುಳಿ ಬಿದ್ದರೆ ಹಿತ್ತಾಳೆ ಕಿಲುಬು ಹಿಡಿಯುತ್ತೆ! ಹೊಟ್ಟೆಯಲ್ಲಿ ಕೂಸಿರೋಳಿಗೆ ಕಿಲುಬು ತಿನ್ನಿಸ್ತೀಯಾ? ಪಿಂಗಾಣಿದೇ ತಾ! ನೀರು ತುಂಬಿ ನೋಡು, ಒಂದು ಹನಿ ಆಚೆ ಬರಕೂಡದು!"

ಚೆನ್ನಿಗ ಹೂಂ ಅಂದ. ಮಾರನೆಯ ದಿನ ಹೋದ. ಪಿಂಗಾಣಿ ಜಾಡಿಯನ್ನೇ ಆರಿಸಿದ, ಕಂಠಮಟ್ಟ ನೀರು ತುಂಬಿದ, ಎದೆಗೆ ಅಪ್ಪಿ ಹೊರಟ. ಒಂದು ಹನಿ ಆಚೆ ಬರಕೂಡದಲ್ಲ! ಒಂದು ಹೆಜ್ಜೆ, ನಿಂತ. ಇನ್ನೊಂದು ಹೆಜ್ಜೆ, ನಿಂತ. ಎತ್ತಿನ ಗಾಡಿಗಳು ಅವನನ್ನು ದಾಟಿದವು, ಕುರಿಮಂದೆ ದಾಟಿತು, ಊರುಗೋಲಿನ ಮುದುಕಿಯೊಬ್ಬಳೂ ದಾಟಿಹೋದಳು. ಹೊತ್ತು ಮುಳುಗುವಾಗ ಅಂಗಳಕ್ಕೆ ಬಂದ.

"ಅಮ್ಮಾ, ಒಂದು ಹನೀನೂ ಚೆಲ್ಲಿಲ್ಲ! ಆಕಾಶ ಪೂರ್ತಿ ಇದರೊಳಗೆ ಕೂತು ನನ್ನ ಜೊತೇಲೇ ಬಂತು ಕಣಮ್ಮಾ!"

ಗಿರಿಯಮ್ಮ ನೀರು ಚೆಲ್ಲಿದಳು, ಕೈ ಹಾಕಿದಳು. ಬೆರಳಷ್ಟೇ ಹೋಯಿತು. ಬಾಯಿ ಅಷ್ಟು ಕಿರಿದು!

"ದಡ್ಡಾ! ನನ್ನ ಕೈ ಒಳಗಿಳೀಬೇಡವೇನೋ? ಅದೂ ಅಲ್ಲದೆ ನೀರು ಹೊತ್ತು ತಂದಿದ್ದೀಯಲ್ಲ, ಉಪ್ಪಿನಕಾಯಿಗೆ ನೀರೇ ವೈರಿ! ಒಂದು ಹನಿ ಬಿದ್ದರೂ ಕೆಟ್ಟಿತು! ನೀರು ಕಂಡರೆ ಜಾಡಿ ಎತ್ಕೊಂಡು ಓಡಬೇಕು! ಬಿಸಿಲಿಗಿಡಬೇಕು!" ಎಂದು ಬೆನ್ನಿಗೆ ಒಂದು ಬಿಟ್ಟಳು. ಆಗಷ್ಟೇ ಹೋಳು ಮಗುಚಿದ ಕೈ. ಬಿಳಿ ಅಂಗಿಯ ಮೇಲೆ ಐದು ಬೆರಳೂ ಅರಿಶಿನದಲ್ಲಿ ಮೂಡಿದವು.

ಮೂರನೆಯ ದಿನ. ಬಾನಿಯ ಹೋಳು ಆಗಲೇ ಬಾಡತೊಡಗಿತ್ತು. ಚೆನ್ನಿಗ ಅದೇ ಅಂಗಿಯಲ್ಲಿ ಹೋದ. ಸಾಹೇಬರಿಗೆ ಬೆನ್ನು ತಿರುಗಿಸಿ ನಿಂತ.

"ಸಾಹೇಬ್ರೇ, ನಮ್ಮಮ್ಮನ ಕೈ ತಂದಿದ್ದೀನಿ! ಇದು ಇಳಿಯೋ ಜಾಡಿ ಕೊಡಿ!"

ಐವತ್ತು ವರ್ಷ ಜಾಡಿ ಮಾರಿದ ಸಾಹೇಬರು ಇಂಥ ಅಳತೆ ಕಂಡಿರಲಿಲ್ಲ. ಒಂದೊಂದೇ ಜಾಡಿಯ ಬಾಯನ್ನು ಅವನ ಬೆನ್ನಿಗಿಟ್ಟು ನೋಡಿದರು. ಏಳನೆಯದು ಕೂತಿತು. "ತಗೋ ಮಗಾ. ಇಷ್ಟು ಸರಿಯಾಗಿ ಅಳೆದು ತಗೊಂಡವರು ಯಾರೂ ಇಲ್ಲ."

ಅರ್ಧ ದಾರಿಗೆ ಮಳೆ ಹನಿಯಿತು. ಒಂದು ಹನಿ ಬಿದ್ದರೂ ಕೆಟ್ಟಿತು! ಚೆನ್ನಿಗ ಅಂಗಿ ಬಿಚ್ಚಿ ಜಾಡಿಗೆ ಸುತ್ತಿದ. ಮಳೆ ಜೋರಾಯಿತು. ಪಂಚೆಯನ್ನೂ ಸುತ್ತಿದ. ಲಂಗೋಟಿಯಲ್ಲಿ ಓಡಿ ಬಂದವನನ್ನು ಕಂಡು ಬಾವಿಕಟ್ಟೆಯ ಹೆಂಗಸರು ಕೊಡ ಬಿಟ್ಟು ಕಣ್ಣು ಮುಚ್ಚಿಕೊಂಡರು.

"ಮಾನಗೆಟ್ಟೋನೇ! ಜಾಡಿಗೆ ಪಂಚೆ, ನಿನಗೆ ಮಳೆಯೇ?" ಗಿರಿಯಮ್ಮ ಬಯ್ಯುತ್ತ ಬಯ್ಯುತ್ತ ಜಾಡಿಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಒಳಗೆ ಕೈ ಇಳಿಸಿದಳು. ಮಣಿಕಟ್ಟಿನವರೆಗೂ ಇಳಿಯಿತು. ಒಳಗೆ ಬೂದಿಯಷ್ಟು ಒಣ. ಗೆಣ್ಣಿಂದ ಬಡಿದಳು. ಟಣ್! ಬಯ್ಗುಳ ಅಲ್ಲಿಗೇ ನಿಂತಿತು. ಮಗನನ್ನು ನೋಡಿದಳು, ಜಾಡಿಯನ್ನು ನೋಡಿದಳು, ಮತ್ತೆ ಮಗನನ್ನು ನೋಡಿದಳು.

ಮರುದಿನ ಬಿಸಿಲಿನಲ್ಲಿ ಜಾಡಿ ಕಾಯಿಸಿ, ಖಾರ ಎಣ್ಣೆ ಬೆರೆಸಿದ ಹೋಳು ತುಂಬಿ, ಬಟ್ಟೆ ಕಟ್ಟಿದ್ದಾಯಿತು. ನಲವತ್ತು ದಿನ ಕಳೆದವು. ಗಿರಿಯಮ್ಮನ ಕಾಲು ನೆಟ್ಟಗಾಯಿತು. ತಾಯಿ ಮಗ ಜಾಡಿ ಹೊತ್ತು ಪಕ್ಕದೂರಿನ ದೇವೀರಿಯ ಮನೆಗೆ ಹೋದರು.

ದೇವೀರಿ ಹಸಿರು ಸೀರೆಯುಟ್ಟು ಮಣೆಯ ಮೇಲಿದ್ದಳು. ಮುಖ ಮಾತ್ರ ಸುಣ್ಣ. ಗಿರಿಯಮ್ಮ ಬಾಗಿದಾಗ ಕಿವಿಯಲ್ಲಿ, "ಅಮ್ಮಾ, ನಿನ್ನೆಯಿಂದ ಕೂಸು ಮಿಸುಕಿಲ್ಲ. ಯಾರಿಗೂ ಹೇಳಿಲ್ಲ," ಅಂದಳು.

ಗಿರಿಯಮ್ಮನ ಕೈ ಜಾಡಿಯ ದಾರದ ಮೇಲೇ ನಿಂತುಬಿಟ್ಟಿತು. ಹೇಗೋ ಬಿಚ್ಚಿದಳು. ಬೂಷ್ಟಿಲ್ಲ! ಕೆಂಪಗೆ, ಎಣ್ಣೆ ತೇಲಿ, ಘಮ್ಮೆಂದಿತು. ಹೆಂಗಸರೆಲ್ಲ ಆಹಾ ಅಂದರು. ತಾಯಿ ಮಗಳು ಹೊಟ್ಟೆಯನ್ನೇ ನೋಡುತ್ತಿದ್ದರು.

ತಂಗಿಯ ಪಿಸುಮಾತು ಚೆನ್ನಿಗನಿಗೂ ಕೇಳಿಸಿತ್ತು. ದುಂಡಗಿದೆ, ಮುಚ್ಚಿದೆ, ಒಳಗಿರೋದು ಚೆನ್ನಾಗಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಅಮ್ಮ ಹೇಳಿಕೊಟ್ಟಿದ್ದಾಳಲ್ಲ! ಹೋಗಿ ತಂಗಿಯ ಮುಂದೆ ಮೊಣಕಾಲೂರಿದ. ಗೆಣ್ಣಿಂದ ಮೆಲ್ಲಗೆ ಹೊಟ್ಟೆ ಬಡಿದ. ಕಿವಿಯಿಟ್ಟ.

"ಏಯ್! ಥೂ! ಬಸುರಿ ಹೊಟ್ಟೆ ಬಡೀತಾನೆ! ಎಳೀರೇ ಆ ಪೆದ್ದನ್ನ!" ಎಂದು ಬೀಗಿತ್ತಿ ಸಾಕಮ್ಮ ಕೂಗಿದಳು.

ಚೆನ್ನಿಗ ಕೈಯೆತ್ತಿ ತಡೆದ. ಅವನ ಮುಖ ನೋಡಿ ಎಳೆಯಬಂದವರು ಅಲ್ಲೇ ನಿಂತರು.

"ಟಣ್ ಅನ್ನಲಿಲ್ಲ," ಅಂದ.

ಗಿರಿಯಮ್ಮ ಕಂಬ ಹಿಡಿದುಕೊಂಡಳು.

"ಟಣ್ ಅನ್ನಲಿಲ್ಲಮ್ಮಾ... ಒಳಗಿಂದ ಯಾರೋ ತಿರುಗಿ ಬಡಿದರು!"

ದೇವೀರಿ ಹೊಟ್ಟೆಯ ಮೇಲೆ ಕೈಯಿಟ್ಟಳು. "ಹೌದಮ್ಮಾ! ಒದೀತಿದೆ! ಅಯ್ಯೋ, ಒದೀತಿದೆ!" ಅಂದವಳೇ ಅತ್ತಳು. ಗಿರಿಯಮ್ಮ ಅತ್ತಳು. ಏನೆಂದು ತಿಳಿದ ಮೇಲೆ ಸಾಕಮ್ಮನೂ ಅತ್ತಳು. ಮೂವರೂ ತೆರೆದ ಜಾಡಿಯ ಮೇಲೇ ಬಾಗಿ ಅತ್ತರು.

ಚೆನ್ನಿಗ ನೋಡಿದ. ನೀರು! ಹನಿಹನಿ ನೀರು! ಜಾಡಿ ಬಾಚಿಕೊಂಡವನೇ ಓಡಿದ. "ಹಿಡೀರೋ! ಉಪ್ಪಿನಕಾಯಿ!" ಎಂದು ಹೆಂಗಸರು ಕೂಗುವಷ್ಟರಲ್ಲಿ ಊರಬಾಗಿಲು ದಾಟಿದ್ದ. ಸೀಮಂತದ ಎಲೆಗಳಲ್ಲಿ ಎಲ್ಲವೂ ಇತ್ತು, ಉಪ್ಪಿನಕಾಯಿಯ ಜಾಗವೊಂದು ಖಾಲಿ. ಸಾಕಮ್ಮ ಆ ಖಾಲಿ ಜಾಗ ನೋಡಿ ನೋಡಿ ನಕ್ಕಳು.

ಇಳಿಹೊತ್ತಿನಲ್ಲಿ ಗಿರಿಯಮ್ಮ ಮನೆಗೆ ಬಂದಳು. ಅಂಗಳದಲ್ಲಿ ಉಳಿದಿದ್ದ ಒಂದೇ ಒಂದು ತುಂಡು ಬಿಸಿಲಿನಲ್ಲಿ ಜಾಡಿ. ಪಕ್ಕದಲ್ಲಿ ಚೆನ್ನಿಗ ಕಾವಲು. ಅವಳ ಕಣ್ಣು ಇನ್ನೂ ತೇವವಾಗಿದ್ದುದನ್ನು ಕಂಡು ಎರಡೂ ಕೈ ಅಡ್ಡ ಹಿಡಿದ.

"ಅಮ್ಮಾ, ಅಲ್ಲೇ ನಿಲ್ಲು! ಅತ್ತು ಮುಗೀತಾ?"

ಗಿರಿಯಮ್ಮ ಬಯ್ಯಲಿಲ್ಲ, ಬುದ್ಧಿ ಹೇಳಲಿಲ್ಲ. "ಇನ್ನೂ ಸ್ವಲ್ಪ ಇದೆ ಕಣಪ್ಪಾ," ಅಂದು ಬಾಗಿಲಾಚೆಯೇ ಕೂತಳು.